ಎರಡು ಗೇರಿನ ಗತ್ತು

ಒಂದೇ ಗೇರಿನ ಮಡಚುವ ಸೈಕಲ್ಲೊಂದಿತ್ತು. ಒಡೆಯ ಅದರ ಹಿಂಚಕ್ರದ ನಡುವಿನ ಗುಂಬ ತೆಗೆಸಿ, ಎರಡು ಗೇರಿನ ಹೊಸ ಹಬ್ ಹಾಕಿಸಿದ. ಗೇರಲ್ಲ, ಎರಡು ಕೊಂಬೇ ಮೂಡಿದಂತಾಯಿತು ಸೈಕಲ್ಲಿಗೆ. ದಿಣ್ಣೆಯ ಬುಡದಲ್ಲಿ ಮೂಟೆ ಹೊತ್ತು ನಡೆಯುತ್ತಿದ್ದ ಕತ್ತೆಗೆ, "ದಾರಿ ಬಿಡು, ನನಗೀಗ ಎರಡು ಗೇರು!" ಎಂದಿತು.

ಏರು ಶುರುವಾಯಿತು. "ಪೆಡಲನ್ನು ಸ್ವಲ್ಪ ಹಿಂದಕ್ಕೆ ತಿರುಗಿಸು, ಹಗುರ ಗೇರು ಬೀಳುತ್ತದೆ" ಎಂದಿತು ಹಬ್.

"ಕತ್ತೆ ನೋಡುತ್ತಿರುವಾಗ ಹಿಂದಕ್ಕೇ? ನನ್ನ ಮಾನ ಏನಾಗಬೇಕು?" ಎಂದು ಸೈಕಲ್ಲು ಪೆಡಲನ್ನು ಬಿಗಿಹಿಡಿಯಿತು. ಅರ್ಧ ದಿಣ್ಣೆಗೇ ಏದುಸಿರು ಬಿಟ್ಟು ನಿಂತಿತು. ಬೆವತುಹೋದ ಒಡೆಯ ಇಳಿದು, ಅದನ್ನು ಮಡಚಿ, ಹಿಂದೆಯೇ ಬಂದ ಕತ್ತೆಯ ಮೂಟೆಯ ಮೇಲೆ ಹೇರಿದ.

"ಅಣ್ಣ, ಇದು ಎಷ್ಟನೆಯ ಗೇರು?" ಕತ್ತೆ ಕೇಳಿತು.

"ಮೂರನೆಯದು ಅಕ್ಕ," ಎಂದಿತು ಸೈಕಲ್ಲು. "ಮಾನವಂತರಿಗೆ ಮಾತ್ರ ಬೀಳುತ್ತದೆ."