ಇಪ್ಪತ್ತೆರಡರ ಪಕ್ಕದ ಮುಳ್ಳು

ಕಾರು ಮಾರುವವನು ಘಟ್ಟದ ನೆತ್ತಿಯಲ್ಲೇ ಮೈಲೇಜ್ ಪರದೆಯನ್ನು ಸೊನ್ನೆಗೆ ತಂದು, ಇಳಿಜಾರಿನುದ್ದಕ್ಕೂ ತನ್ನ ಹಳೇ ಟರ್ಬೊ ಕಾರನ್ನು ಹಗುರವಾಗಿ ಉರುಳಿಸಿಕೊಂಡು ಬಂದಿದ್ದ. "ಲೀಟರಿಗೆ ಇಪ್ಪತ್ತೆರಡು!" ಎಂದು ಪರದೆ ಬೀಗಿತು. ಫಣಿಯಪ್ಪ ಹಿಗ್ಗಿ ಹಿಗ್ಗಿ ಕೊಂಡುಕೊಂಡ.

ಮರುದಿನ ಅದೇ ಘಟ್ಟ ಹತ್ತುವಾಗ ಪೆಟ್ರೋಲಿನ ಮುಳ್ಳು ಸರಸರನೆ ಇಳಿಯಿತು.

"ಯಜಮಾನರ ಖುಷಿ ಕೆಡಿಸಬೇಡ ಕಣೇ. ಹೀಗೇ ತಲೆ ತಗ್ಗಿಸ್ತಿದ್ರೆ ನಿನ್ನ ಕಿತ್ತು ಬಿಸಾಕ್ತಾರೆ," ಎಂದಿತು ಪರದೆ.

ಆದರೂ ಮುಳ್ಳು, "ನಾನು ಟ್ಯಾಂಕಿನ ಮುಖ ನೋಡ್ಬೇಕಲ್ಲಕ್ಕಾ," ಎಂದು ಸೊನ್ನೆಗೆ ಇಳಿಯಿತು.

ಕಾರು ತಿರುವಿನಲ್ಲೇ ನಿಂತಿತು. ಫಣಿಯಪ್ಪ ಮೆಕ್ಯಾನಿಕ್‌ನನ್ನು ಕರೆಸಿದ. "ನಿನ್ನೆ ಇಪ್ಪತ್ತೆರಡು ಕೊಟ್ಟ ಗಾಡಿ ಇವತ್ತು ಖಾಲಿಯಾಗತ್ತೇನಪ್ಪಾ? ಈ ಮುಳ್ಳೇ ಕೆಟ್ಟಿದೆ. ಮೊದಲು ಇದನ್ನ ಬದಲಾಯಿಸು."

ಹೊಸ ಮುಳ್ಳು ಬಂತು. ಅದೂ ಸೊನ್ನೆಯ ಮೇಲೇ ಕೂತಿತು.