ಸೇವ್ ಬಟನ್ನೂ ಕೊಂಡಿಯೂ

ಪರದೆಯ ಮೇಲಿನ ಸೇವ್ ಬಟನ್ನಿಗೆ ಏನನ್ನೂ ಉಳಿಸಲು ಬಾರದು. ಉಳಿಸುವುದು ಪ್ರೋಗ್ರಾಮಿನ ಒಳಗೆಲ್ಲೋ ಕೂತ ಕಮಾಂಡ್. ಅದನ್ನು ಹೆಸರು ಹಿಡಿದು ಕರೆಯುವುದು ನಡುವಿನ ಕೊಂಡಿ. ಅಚ್ಚುಕಟ್ಟಾಗಿರಲಿ ಎಂದು ಪ್ರೋಗ್ರಾಮರ್ ಒಮ್ಮೆ ಕಮಾಂಡಿನ ಹೆಸರು ಬದಲಿಸಿದ. ಕೊಂಡಿಗೆ ತಿಳಿಸಲು ಮರೆತ.

ಹಾಸಿಗೆ ಹಿಡಿದ ಅತ್ತೆ ಹೇಳಿದ ಸೋಬಾನೆ ಪದಗಳನ್ನೆಲ್ಲ ಟೈಪು ಮಾಡಿ ಚನ್ನಾಜಮ್ಮ ಬಟನ್ ಒತ್ತಿದರು.

"ಕಮಾಂಡನ್ನು ಕರೆ!" ಎಂದಿತು ಬಟನ್.

"ಕರೆದೆ. ಆ ಹೆಸರಿನವರು ಯಾರೂ ಇಲ್ಲ," ಎಂದಿತು ಕೊಂಡಿ.

"ಹಾಗಾದರೆ ನನ್ನನ್ನು ಒತ್ತಿದಾಕೆಗೆ ಹೇಳು!"

"ಯಾರೂ ಸಿಗದಿದ್ದರೆ ಸುಮ್ಮನಿರುವುದೇ ನನಗೆ ಕಲಿಸಿದ ಪಾಠ. ನೀನೇ ಹೇಳು."

"ನನಗೆ ಬಾಯಿಲ್ಲ. ಒತ್ತಿದರೆ ತಗ್ಗುವುದಷ್ಟೇ ಗೊತ್ತು."

ಒಳಗೆ ಕಮಾಂಡ್ ಹೊಸ ಹೆಸರು ಹೊತ್ತು, ಕರೆಗಾಗಿ ಕಾಯುತ್ತಲೇ ಇತ್ತು.

ಚನ್ನಾಜಮ್ಮ ಅನುಮಾನದಿಂದ ಇನ್ನೊಮ್ಮೆ ಒತ್ತಿದರು. ಬಟನ್ ಎಂದಿನಂತೆ ಅಂದವಾಗಿ ತಗ್ಗಿತು. ಅದನ್ನು ನಂಬಿ ಅವರು ಕಂಪ್ಯೂಟರ್ ಆರಿಸಿದರು.