ಮರವೈದ್ಯನ ಕೈಗುಣ

“ಗುರುಗಳೇ, ನಾನು ಮನೆಮನೆಗೆ ಹೋಗಿ ಜಗಳ ಬಿಡಿಸುತ್ತೇನೆ. ಒಂದು ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯವರಿಗೆ ತಿಳಿಸಿ, ನೀವು ಹೀಗಾಗಬೇಡಿ ಎಂದು ಮೊದಲೇ ಎಚ್ಚರಿಸುತ್ತೇನೆ. ಆದರೂ ಇಲ್ಲಿ ತಣ್ಣಗಾಗುವಷ್ಟರಲ್ಲಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಈ ಊರಿನ ಜನರೇ ಹೀಗೋ?” ಎಂದು ಶಿಷ್ಯ ಕೇಳಿದ.

ಗುರು ಹೇಳತೊಡಗಿದರು.

ಒಬ್ಬ ಮರವೈದ್ಯನಿದ್ದ. ತೆಂಗಿಗೆ ಸುಳಿಕೊಳೆ ರೋಗ ಬಂದರೆ ಜನ ಅವನನ್ನೇ ಕರೆಯುತ್ತಿದ್ದರು. ತೆಂಗಿಗೆ ಇರುವುದು ಒಂದೇ ಸುಳಿ. ಅದು ಪೂರ್ತಿ ಕೊಳೆತರೆ ಮರ ಸತ್ತಂತೆಯೇ. ಅವನು ಮರ ಹತ್ತಿ, ಕೊಳೆತದ್ದನ್ನು ಕತ್ತಿಯಿಂದ ಕೆತ್ತಿ ತೆಗೆದು, ಬೇವಿನ ಸೊಪ್ಪು, ಬೆಳ್ಳುಳ್ಳಿ, ಅರಿಶಿನ ಜಜ್ಜಿ ಹಿಂಡಿದ ರಸವನ್ನು ಗಾಯಕ್ಕೆ ಹೊಯ್ಯುತ್ತಿದ್ದ. ರಸದಲ್ಲಿ ದೋಷವಿರಲಿಲ್ಲ. ಎಷ್ಟೋ ಮರಗಳು ಮತ್ತೆ ಚಿಗುರಿದ್ದವು.

ಕತ್ತಿ ಅವನ ತಂದೆಯದು. ಅದಕ್ಕೆ ನೀರು ತಾಗಿದರೆ ಕೈಗುಣ ಇಳಿದುಹೋಗುತ್ತದೆಂದು ಆ ಮನೆತನದವರು ನಂಬಿದ್ದರು. ಸೊಂಟದ ಬಟ್ಟೆಗೆ ಒರೆಸುವುದು, ಸಿಕ್ಕಿಸಿಕೊಳ್ಳುವುದು, ಅಷ್ಟೇ. ಹೊತ್ತುಹೊತ್ತಿಗೆ ಮೀಯುತ್ತಿದ್ದ ಆ ಮಹಾಶಯ ಕತ್ತಿಗೆ ಮಾತ್ರ ಒಮ್ಮೆಯೂ ನೀರು ತೋರಿಸಿರಲಿಲ್ಲ.

ಒಂದು ಮಳೆಗಾಲ ಹೊಳೆದಂಡೆಯ ತೋಟಕ್ಕೆ ರೋಗ ಬಿತ್ತು. ತೋಟದೊಡತಿ ಒಂಟಿ ಹೆಂಗಸು. ಅವಳ ಗಂಜಿ ಆ ಮರಗಳಿಂದಲೇ. ವೈದ್ಯ ಬಂದು ರೋಗದ ಮರಕ್ಕೆ ಮದ್ದು ಮಾಡಿದ. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮುಂಜಾಗ್ರತೆಯೆಂದು ಪಕ್ಕದ ಗಟ್ಟಿ ಮರಗಳನ್ನೂ ಹತ್ತಿ, ಅದೇ ಕತ್ತಿಯಿಂದ ಸುಳಿಯ ಬುಡವನ್ನು ಸಣ್ಣಗೆ ಗೀರಿ ರಸ ಇಳಿಸಿದ. ಕೆಲವು ವಾರಗಳಲ್ಲಿ ಅವೂ ಹಳದಿಗೆ ತಿರುಗಿದವು. ಅವನಿಗೆ ದಿಗಿಲಾಯಿತು. ಗಾಳಿಯನ್ನು ಬೈದ, ಮಳೆಯನ್ನು ಬೈದ, ಬೆಳ್ಳುಳ್ಳಿ ಹೆಚ್ಚಿಸಿದ, ಇನ್ನಷ್ಟು ಮರ ಹತ್ತಿದ. ಹತ್ತಿದ ಮರವೆಲ್ಲ ಗರಿ ಚೆಲ್ಲಿತು.

ಕೊನೆಗೆ ಒಂದು ಮರ ಉಳಿಯಿತು. ಕೆಂಜಿಗದ ಗೂಡಿದೆಯೆಂದು ಅವನು ಅದರ ತಂಟೆಗೆ ಹೋಗಿರಲಿಲ್ಲ. ಈಗ ಅದನ್ನಾದರೂ ಉಳಿಸದಿದ್ದರೆ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಇರುವೆ ಕಚ್ಚದಂತೆ ಕಾಲಿಗೆ ಬೂದಿ ಬಳಿದುಕೊಂಡು, ಜನರೆಲ್ಲ ನೋಡುತ್ತಿರುವಂತೆಯೇ ಹೊರಟ. ತೋಟದೊಡತಿ ಒಂದು ಕೊಡ ನೀರು ತಂದು ಅವನ ಮುಂದಿಟ್ಟು, ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

“ಹತ್ತಬ್ಯಾಡ ಕಣಪ್ಪ. ನೀನು ಹತ್ತದೆ ಇರೋದು ಇದೊಂದೇ. ನೆಟ್ಟಗಿರೋದೂ ಇದೊಂದೇ.”

“ನನ್ನ ಮದ್ದಿನ ಮೇಲೆ ಅನುಮಾನವಾ ತಾಯಿ?”

“ಮದ್ದಿನ ಮೇಲಲ್ಲ. ಆ ಕತ್ತಿ ಒಂದ್ಸಲ ಮೂಸಿ ನೋಡು.”

ಅವನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕತ್ತಿಯನ್ನು ಮೂಗಿನ ಹತ್ತಿರ ತಂದ. ಬೆಳ್ಳುಳ್ಳಿಯ ಘಾಟಿನ ಅಡಿಯಲ್ಲಿ ಕೊಳೆತ ಸುಳಿಯ ನಾತ. ಅವನು ಹತ್ತಿಳಿದ ಮರಗಳೆಲ್ಲ ಆ ಅಲಗಿನ ಮೇಲಿದ್ದವು. ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಕತ್ತಿ ತೊಳೆದರೆ, ತೋಟ ಹಾಳು ಮಾಡಿದವನು ತಾನೇ ಎಂದು ಊರಿನೆದುರು ಒಪ್ಪಿಕೊಂಡಂತೆ. ತೊಳೆಯದೆ ಹತ್ತಿದರೆ, ಗೊತ್ತಿದ್ದೂ ಕೊಂದಂತೆ. ಅವನು ಕೊಡದ ಮುಂದೆ ಕುಕ್ಕರಿಸಿದ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಮುಂದಕ್ಕೆ ಬಾಗಿ, “ಆಮೇಲೆ? ತೊಳೆದನೇ?” ಎಂದ.

“ಅದನ್ನು ನೀನೇ ಹೇಳಬೇಕು, ಮುಂದಿನ ಮನೆಯ ಬಾಗಿಲು ತಟ್ಟುವ ಮೊದಲು,” ಎಂದರು ಗುರು.